ಶಿವನಸಮುದ್ರದಲ್ಲಿ ಎರಡು ದಿನ

ಮುಂಬಯಿಯ ನಮ್ಮ ಮನೆಗಳಲ್ಲಿ ಬೇಸಗೆಯ ರಜೆ ಬಂತೆಂದರೆ ಹಿರಿಯರಿಗೆ ಊರಿನ ನೆನಪೂ ಮಕ್ಕಳಿಗೆ ಬೇಸರವೂ ಜೊತೆಜೊತೆಯಾಗಿಯೇ ಬರುತ್ತವೆ. ಹೋದ ಬೇಸಗೆಯಲ್ಲಿ ನಮ್ಮಲ್ಲಿಯೂ ಹಾಗೆಯೇ ಆಯಿತು. ಒಂದು ಮಧ್ಯಾಹ್ನ ದುರಸ್ತಿಗೆಂದು ವಿದ್ಯುತ್ತನ್ನು ನಿಲ್ಲಿಸಿದ್ದರು. ಹನ್ನೊಂದು ವರ್ಷದ ಮೊಮ್ಮಗ ನಿಂತ ಫ್ಯಾನನ್ನು ನೋಡುತ್ತ ಮಲಗಿದ್ದವನು ಇದ್ದಕ್ಕಿದ್ದಂತೆ ಕೇಳಿದ: "ತಾತ, ಕರೆಂಟು ಹೋಯಿತು ಅನ್ನುತ್ತೀರಲ್ಲ, ಎಲ್ಲಿಗೆ ಹೋಯಿತು?"

ನಾನು ನಲವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಹೋದದ್ದು ಎಲ್ಲಿಗೆ ಹೋಯಿತು, ಬಂದದ್ದು ಎಲ್ಲಿಂದ ಬಂತು ಎಂದು ಬರೆದಿಡುವುದೇ ನನ್ನ ಕಸುಬಾಗಿತ್ತು. ಆದರೂ ಈ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ಎಲ್ಲಿಗೆ ಹೋಯಿತೋ ಕಾಣೆ, ಎಲ್ಲಿಂದ ಬರುತ್ತದೆಂದು ಬೇಕಾದರೆ ತೋರಿಸುತ್ತೇನೆ, ನಡೆ" ಎಂದೆ. ನಮ್ಮೂರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನದು. ಅದೇ ತಾಲ್ಲೂಕಿನ ಅಂಚಿನಲ್ಲಿ ಶಿವನಸಮುದ್ರವಿದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮುಂಬಯಿಗೆ ಬಂದ ಮೇಲೆ ನಾನು ಊರಿಗೆ ಹೋಗುತ್ತಿದ್ದುದು ಸಂಕ್ರಾಂತಿಯ ಹೊತ್ತಿಗೆ ಮಾತ್ರ. ಗುಡುಗಿನ ತಿಂಗಳುಗಳಲ್ಲಿ ಆ ಕಡೆ ತಲೆಹಾಕಿದವನಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ. ಈ ಸಲ ಹುಡುಗನ ಶಾಲೆಗೆ ಬಿಡುವಿದ್ದದ್ದು ಮೇ ತಿಂಗಳಲ್ಲಿಯೇ ಆದ್ದರಿಂದ ನನ್ನ ನೇಮ ಮುರಿಯಿತು.

ಹೊರಡುವ ಮುನ್ನ ಗ್ರಂಥಾಲಯದಿಂದ ಎರಡು ವಿಜ್ಞಾನದ ಪುಸ್ತಕಗಳನ್ನು ತಂದು, ಪರೀಕ್ಷೆಗೆ ಕೂರುವವನ ಹಾಗೆ ರಾತ್ರಿಯೆಲ್ಲ ಓದಿದೆ. ಬೆಳಗಿನ ರೈಲು ಹತ್ತಿದೆವು. ಸೊಲ್ಲಾಪುರ ದಾಟಿದ ಮೇಲೆ ಕಿಟಕಿಯಿಂದ ಒಲೆಯ ಮುಂದೆ ಕೂತಂತೆ ಒಣಗಾಳಿ ಹೊಡೆಯಲಾರಂಭಿಸಿತು. ಇದೇ ತಕ್ಕ ಸಮಯವೆಂದು ನಾನು ಪ್ಲಾಸ್ಟಿಕ್ ಬಾಚಣಿಗೆಯನ್ನು ತೆಗೆದು ನನ್ನ ತಲೆಗೆ ಹತ್ತಾರು ಸಲ ಎಳೆದು, ಪತ್ರಿಕೆಯ ಚೂರುಗಳ ಮೇಲೆ ಹಿಡಿದೆ. ಚೂರುಗಳು ಮಿಸುಕಲಿಲ್ಲ. ಎದುರಿಗೆ ಕೂತಿದ್ದ ಕಲಬುರಗಿಯ ಅಜ್ಜಿಯೊಬ್ಬರು ನಕ್ಕು, "ನಿಮ್ಮ ತಲಿಗಿ ಎಣ್ಣಿ ಭಾಳ ಆಗೇದ್ರಿ" ಎಂದರು. ನಿಜ! ಮೊಮ್ಮಗನ ಎಣ್ಣೆಯಿಲ್ಲದ ತಲೆಗೆ ಎಳೆದ ಕೂಡಲೇ ಚೂರುಗಳು ಪುಟ್ಟ ಹುಳುಗಳಂತೆ ಎದ್ದು ಬಾಚಣಿಗೆಗೆ ಅಂಟಿಕೊಂಡವು. ಕೆಲವು ಅಂಟಿಕೊಂಡು, ಒಂದು ಕ್ಷಣದ ಮೇಲೆ ಒದ್ದಂತೆ ದೂರ ಹಾರಿದವು.

ಇದೇ ಪ್ರಯೋಗವನ್ನು ಮುಂಬಯಿಯ ಮಳೆಗಾಲದಲ್ಲಿ ಮಾಡಿದರೆ ಫಲಿಸುವುದು ಕಷ್ಟ. ಹವೆಯ ತೇವವು ವಸ್ತುಗಳ ಮೇಲೆ ಕಾಣದಂಥ ನೀರಿನ ಪೊರೆಯಾಗಿ ಕೂತು ವಿದ್ಯುತ್ತನ್ನು ಸೋರಿಬಿಡುತ್ತದೆ. ದಿಲ್ಲಿಯಲ್ಲಿರುವ ನಮ್ಮ ಬಂಧುಗಳಾದರೋ ಪ್ರಯೋಗವನ್ನು ಮಾಡಬೇಕಾಗಿಯೇ ಇಲ್ಲ. ಚಳಿಗಾಲದ ರಾತ್ರಿ ಸ್ವೆಟರನ್ನು ತಲೆಯ ಮೇಲಿಂದ ಎಳೆಯುವಾಗ ಚಿಟಿಚಿಟಿ ಎಂದು ಸಿಡಿಯುವ ಕಿಡಿಗಳನ್ನು ಅವರು ಕತ್ತಲಲ್ಲಿ ಕಂಡೇ ಇರುತ್ತಾರೆ.

ಸಂಗತಿ ಇಷ್ಟು. ಬಾಚಣಿಗೆ, ಕೂದಲು, ಕಾಗದ, ನಾವು, ನೀವು ಎಲ್ಲರೂ ಪರಮಾಣುಗಳಿಂದ ಆದವರು. ಪ್ರತಿ ಪರಮಾಣುವಿನ ನಡುವೆ ಧನ ಆವೇಶದ ಒಂದು ಬೀಜ. ಅದರ ಸುತ್ತ ಋಣ ಆವೇಶದ ಎಲೆಕ್ಟ್ರಾನುಗಳು. ಎರಡೂ ಸರಿಸಮವಾಗಿರುವಾಗ ವಸ್ತುವಿನಲ್ಲಿ ವಿದ್ಯುತ್ತು ಇದೆಯೆಂದೇ ತಿಳಿಯುವುದಿಲ್ಲ. ಉಜ್ಜಿದಾಗ ಕೂದಲಿನ ಕೆಲವು ಎಲೆಕ್ಟ್ರಾನುಗಳು ಬಾಚಣಿಗೆಗೆ ದಾಟುತ್ತವೆ. ಬಾಚಣಿಗೆ ಋಣವಾಯಿತು, ತಲೆ ಧನವಾಯಿತು. ಹೊಸದಾಗಿ ಏನೂ ಹುಟ್ಟಲಿಲ್ಲ, ಇದ್ದದ್ದು ಅಳಿಯಲೂ ಇಲ್ಲ. ಲೆಕ್ಕಿಗನಾದ ನನಗೆ ಇದು ಬಹಳ ಹಿಡಿಸಿತು: ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾವಣೆಯಾಯಿತೇ ಹೊರತು ಒಟ್ಟು ಮೊತ್ತ ಬದಲಾಗಲಿಲ್ಲ. ಈ ಧನ, ಋಣ ಎಂಬ ಗುರುತುಗಳನ್ನು ಬಳಕೆಗೆ ತಂದವನು ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್. ಅವನೂ ಮುದ್ರಣದ ವ್ಯಾಪಾರ ಮಾಡಿಕೊಂಡಿದ್ದವನೇ.

ಒಂದೇ ಬಗೆಯ ಆವೇಶಗಳು ಒಂದನ್ನೊಂದು ನೂಕುತ್ತವೆ, ಬೇರೆ ಬಗೆಯವು ಸೆಳೆಯುತ್ತವೆ. ಕಾಗದದ ಚೂರಿನಲ್ಲಿ ಎರಡೂ ಸಮವಾಗಿದ್ದರೂ, ಬಾಚಣಿಗೆಯ ಋಣ ಹತ್ತಿರ ಬಂದಾಗ ಕಾಗದದೊಳಗಿನ ಎಲೆಕ್ಟ್ರಾನುಗಳು ಕೊಂಚ ಹಿಂದಕ್ಕೆ ಸರಿಯುತ್ತವೆ. ಧನದ ಅಂಚು ಬಾಚಣಿಗೆಗೆ ಹತ್ತಿರವಾಗುತ್ತದೆ. ಹತ್ತಿರದ ಸೆಳೆತ ದೂರದ ನೂಕಿಗಿಂತ ಬಲವಾದದ್ದರಿಂದ ಚೂರು ಎದ್ದು ಬರುತ್ತದೆ. ಮುಟ್ಟಿದ ಮೇಲೆ ಬಾಚಣಿಗೆಯಿಂದ ಒಂದಿಷ್ಟು ಋಣವನ್ನು ತಾನೂ ಪಡೆದು, ಒಂದೇ ಬಗೆಯದಾಗಿ, ದೂರ ಹಾರುತ್ತದೆ. ದೂರಕ್ಕೂ ಬಲಕ್ಕೂ ಇರುವ ಲೆಕ್ಕವನ್ನು ಫ್ರಾನ್ಸಿನ ಕೂಲಂಬ್ 1785ರಲ್ಲಿ ಅಳೆದು ತೋರಿಸಿದ. ದೂರ ಎರಡು ಪಟ್ಟಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಭಾಗಕ್ಕೆ.

ಮೊಮ್ಮಗ ಎಲ್ಲವನ್ನೂ ಕೇಳಿ, "ಆದರೆ ತಾತ, ಬಾಚಣಿಗೆ ಕಾಗದವನ್ನು ಮುಟ್ಟಲೇ ಇಲ್ಲವಲ್ಲ! ನಡುವೆ ಏನೂ ಇಲ್ಲದೆ ಹೇಗೆ ಎಳೆಯಿತು?" ಎಂದ. ಪುಸ್ತಕದಲ್ಲಿ ಓದಿದ್ದೆ; ಹೇಳಲು ಮಾತ್ರ ತೋಚಲಿಲ್ಲ. "ಶಿವನಸಮುದ್ರ ಬರಲಿ" ಎಂದು ಜಾರಿಕೊಂಡೆ.

ಬೆಂಗಳೂರಿನಿಂದ ಕನಕಪುರ, ಸಾತನೂರು, ಹಲಗೂರು ದಾರಿಯಾಗಿ ಮಳವಳ್ಳಿಗೆ ಬಂದು ಶಿವನಸಮುದ್ರ ಸೇರಿದೆವು. ಇಲ್ಲಿ ಕಾವೇರಿ ಎರಡಾಗಿ ಒಡೆದು ಒಂದು ದ್ವೀಪವನ್ನು ಬಳಸಿ ಹರಿಯುತ್ತಾಳೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿ, ಪೂರ್ವದ ಕವಲು ಭರಚುಕ್ಕಿಯಾಗಿ ಧುಮುಕುತ್ತವೆ. ದ್ವೀಪದಲ್ಲಿ ರಂಗನಾಥನ ಗುಡಿಯಿದೆ. ಶ್ರೀರಂಗಪಟ್ಟಣದವನು ಆದಿರಂಗ, ಇವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಗುಡಿಗೆ ಹೋಗಿ ಕೈಮುಗಿದು ಜಲಪಾತದ ಕಡೆಗೆ ಬಂದೆವು. ಮೇ ತಿಂಗಳಾದ್ದರಿಂದ ನೀರು ತೆಳುವಾಗಿ, ಬಂಡೆಯ ಮೈಮೇಲೆ ನಾಲ್ಕಾರು ಬಿಳಿಯ ಎಳೆಗಳಂತೆ ಇಳಿಯುತ್ತಿತ್ತು. ಮಳೆಗಾಲದಲ್ಲಿ ಇದರ ಆರ್ಭಟ ಕಂಡವರಿಗೆ ಇದು ಉಪವಾಸದ ಗಂಗೆಯಂತೆ ಕಂಡೀತು. ಆದರೆ ನನ್ನ ಪಾಠಕ್ಕೆ ಈ ಸಣ್ಣ ನೀರೇ ಅನುಕೂಲವಾಯಿತು.

"ಮರಿ, ಆ ನೀರು ಕೆಳಗೇ ಏಕೆ ಬೀಳುತ್ತದೆ? ಯಾರಾದರೂ ಹಿಡಿದು ಎಳೆಯುತ್ತಿದ್ದಾರೆಯೇ?"

"ಭೂಮಿ ಎಳೆಯುತ್ತದೆ."

"ಹಗ್ಗ ಕಟ್ಟಿದೆಯೇ?"

ಹುಡುಗ ಸುಮ್ಮನಾದ. ನಾನು ಮುಂದುವರಿಸಿದೆ. ಭೂಮಿಯು ತನ್ನ ಸುತ್ತಲ ಜಾಗಕ್ಕೆಲ್ಲ ಒಂದು ಗುಣವನ್ನು ಕೊಟ್ಟಿರುತ್ತದೆ. ಅಲ್ಲಿಗೆ ಯಾವ ವಸ್ತು ಬಂದರೂ ಇಂಥ ದಿಕ್ಕಿಗೆ ಇಷ್ಟು ಬಲದಿಂದ ಸೆಳೆಯಲ್ಪಡುತ್ತದೆ ಎಂಬ ಗುಣ ಅದು. ಹಾಗೆಯೇ ವಿದ್ಯುದಾವೇಶವೂ ತನ್ನ ಸುತ್ತಲ ಜಾಗವನ್ನು ಮಾರ್ಪಡಿಸುತ್ತದೆ. ಅದನ್ನೇ ವಿದ್ಯುತ್ ಕ್ಷೇತ್ರ ಎನ್ನುತ್ತಾರೆ. ನಮ್ಮವರು ಮಧ್ಯರಂಗವನ್ನು ಕ್ಷೇತ್ರವೆನ್ನುವುದಿಲ್ಲವೇ? ಗರ್ಭಗುಡಿ ಇನ್ನೂ ದೂರವಿರುವಾಗಲೇ, ದೇವರು ಕಣ್ಣಿಗೆ ಬೀಳುವ ಮೊದಲೇ, ಊರೊಳಕ್ಕೆ ಕಾಲಿಟ್ಟವನ ಕೈ ತಾನಾಗಿ ಮುಗಿಯುತ್ತದೆ. ಬಾಚಣಿಗೆಯ ಸುತ್ತಲೂ ಅಂಥ ಒಂದು ಕ್ಷೇತ್ರ. ಕಾಗದದ ಚೂರು ಬಾಚಣಿಗೆಯನ್ನು ಮುಟ್ಟಿರಲಿಲ್ಲ ನಿಜ, ಆದರೆ ಕ್ಷೇತ್ರದ ಒಳಗೇ ಇತ್ತು.

ಈ ಕಲ್ಪನೆಯನ್ನು ಕೊಟ್ಟವನು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವನು, ಗಣಿತ ಹೆಚ್ಚು ತಿಳಿಯದವನು. ಕಾಣದ ಕ್ಷೇತ್ರವನ್ನು ಆತ ಗೆರೆಗಳಾಗಿ ಮನಸ್ಸಿನಲ್ಲಿ ಬರೆದುಕೊಂಡ. ಧನದಿಂದ ಹೊರಟು ಋಣದಲ್ಲಿ ಮುಗಿಯುವ ಗೆರೆಗಳು. ಅವು ದಟ್ಟವಾಗಿರುವಲ್ಲಿ ಬಲ ಹೆಚ್ಚು, ವಿರಳವಾಗಿರುವಲ್ಲಿ ಕಡಿಮೆ. ಮೊನಚಾದ ತುದಿಯ ಬಳಿ ಗೆರೆಗಳೆಲ್ಲ ಒತ್ತೊತ್ತಾಗಿ ಸೇರುತ್ತವೆ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಷ್ಟರಲ್ಲಿ ನನ್ನ ಭಾವಮೈದುನ ನಮ್ಮನ್ನು ಹುಡುಕಿಕೊಂಡು ಬಂದ. ಅವನು ವಿದ್ಯುದಾಗಾರದಲ್ಲಿ ಬಹಳ ವರ್ಷ ದುಡಿದು ನಿವೃತ್ತನಾದವನು. ವಿದ್ಯುದಾಗಾರದ ಸುತ್ತಲಿನ ವಸತಿಗೆ ಈ ಕಡೆಯವರು ಇಂದಿಗೂ 'ಬ್ಲಫ್' ಎನ್ನುತ್ತಾರೆ. ಅನುಮತಿಯಿಲ್ಲದೆ ಒಳಗೆ ಬಿಡುವುದಿಲ್ಲವಾದ್ದರಿಂದ ಅವನ ಮನೆಯ ಜಗಲಿಯ ಮೇಲೆ ಕೂತೇ ಎಲ್ಲವನ್ನೂ ಕೇಳಿದೆವು.

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಈ ಯೋಜನೆ ಹುಟ್ಟಿತು. ಜೋಲಿ ದ ಲಾಟ್‌ಬಿನಿಯೆರ್ ಎಂಬ ಕೆನಡಾ ಮೂಲದ ಎಂಜಿನಿಯರ್ ಇದರ ಹೊಣೆ ಹೊತ್ತರು. ಎಲೆಕ್ಟ್ರಾನ್ ಎಂಬುದೊಂದಿದೆ ಎಂದು ಜೆ. ಜೆ. ಥಾಮ್ಸನ್ ತೋರಿಸಿಕೊಟ್ಟದ್ದು 1897ರಲ್ಲಿ. ಅದಾದ ಐದೇ ವರ್ಷಕ್ಕೆ, 1902ರ ಜೂನ್ 30ರಂದು, ಇಲ್ಲಿಂದ ಹೊರಟ ವಿದ್ಯುತ್ತು ಸುಮಾರು 92 ಮೈಲಿ, ಎಂದರೆ 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದು ಆ ಕಾಲದ ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಒಂದು. ಶೇಷಾದ್ರಿ ಅಯ್ಯರ್ ಅವರು ಅದನ್ನು ಕಾಣಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೆ ಇದೇ ನೀರಿನಿಂದ ದೀಪ ಬಂತು. ಬೇಸಗೆಯಲ್ಲಿ ಹೊಳೆ ಸೊರಗಿ ಗಣಿಗಳಿಗೆ ವಿದ್ಯುತ್ತು ಸಾಲದಾಗುತ್ತಿದ್ದುದು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಒಂದು ಮುಖ್ಯ ಕಾರಣ. ನಮ್ಮ ಮುಂಬಯಿಗೆ ಖೋಪೋಲಿಯಿಂದ ಘಟ್ಟದ ನೀರಿನ ವಿದ್ಯುತ್ತು ಹರಿದದ್ದು 1915ರಲ್ಲಿ. ಹದಿಮೂರು ವರ್ಷ ಮೊದಲೇ ಕಾವೇರಿ ಈ ಕೆಲಸಕ್ಕೆ ಇಳಿದಿದ್ದಳು ಎನ್ನುವಾಗ ನನ್ನ ಭಾವಮೈದುನನ ದನಿ ಕೊಂಚ ಏರಿತು. ಏರಬೇಕಾದದ್ದೇ. ಕೋಲಾರದ ಆ ಗಣಿಗಳು 2001ರಲ್ಲಿ ಮುಚ್ಚಿದವು. ಕಾವೇರಿಯ ದುಡಿಮೆ ನಿಂತಿಲ್ಲ.

"ಚಿಕ್ಕ ತಾತ, ವೋಲ್ಟ್ ಅಂದರೆ ಏನು?" ಎಂದು ಹುಡುಗ ಕೇಳಿದ.

"ನೀರಿನ ಲೆಕ್ಕದಲ್ಲೇ ಹೇಳ್ತೀನಿ, ಕೇಳು ಮಗ. ಇಲ್ಲಿ ಕಾಲುವೆ ನೀರು ಕೊಳವೆಯೊಳಗೆ ಸುಮಾರು ನಾನೂರು ಅಡಿ ಇಳಿದು ಚಕ್ರಕ್ಕೆ ಬಡಿಯುತ್ತೆ. ಆ ಎತ್ತರ ಇದೆಯಲ್ಲ, ಅದು ವೋಲ್ಟ್ ಇದ್ದ ಹಾಗೆ. ಸೆಕೆಂಡಿಗೆ ಎಷ್ಟು ನೀರು ಹರಿಯಿತು ಅನ್ನೋದು ಆಂಪಿಯರ್ ಇದ್ದ ಹಾಗೆ. ಎತ್ತರದ ವ್ಯತ್ಯಾಸ ಇಲ್ಲದೆ ಹೋದರೆ ಕೆರೆ ತುಂಬ ನೀರಿದ್ದರೂ ಹರಿಯಲ್ಲ."

ಬೀಳುವ ನೀರು ಚಕ್ರವನ್ನು ತಿರುಗಿಸುತ್ತದೆ. ಚಕ್ರದ ಜೊತೆಗೆ ಅಯಸ್ಕಾಂತ ತಾಮ್ರದ ಸುರುಳಿಗಳ ನಡುವೆ ತಿರುಗುತ್ತದೆ. ಬದಲಾಗುತ್ತಿರುವ ಕಾಂತಕ್ಷೇತ್ರವು ತಂತಿಯಲ್ಲಿ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದದ್ದು ಇದನ್ನೇ. ಆ ಕ್ಷೇತ್ರ ತಂತಿಯಲ್ಲಿರುವ ಎಲೆಕ್ಟ್ರಾನುಗಳನ್ನು ನೂಕುತ್ತದೆ. ತಾಮ್ರದಂಥ ಲೋಹಗಳಲ್ಲಿ ಕೆಲವು ಎಲೆಕ್ಟ್ರಾನುಗಳು ಯಾವ ಪರಮಾಣುವಿಗೂ ಅಂಟಿಕೊಳ್ಳದೆ ಅಲೆಯುತ್ತಿರುವುದರಿಂದ ಅವು ವಾಹಕಗಳು. ಪಿಂಗಾಣಿ, ಗಾಜು, ರಬ್ಬರುಗಳಲ್ಲಿ ಅವು ಕಟ್ಟುಬಿದ್ದಿರುವುದರಿಂದ ಅವಾಹಕಗಳು. ಕಂಬದ ಮೇಲೆ ತಂತಿ ಪಿಂಗಾಣಿಯ ಬಟ್ಟಲುಗಳ ಮೇಲೆ ಕೂತಿರುವುದು ಇದಕ್ಕೇ. ಇಲ್ಲಿ ಹುಟ್ಟಿದ ವಿದ್ಯುತ್ತನ್ನು ಆಗ ಸುಮಾರು 35,000 ವೋಲ್ಟಿಗೆ ಏರಿಸಿ ಕಳುಹಿಸುತ್ತಿದ್ದರು. ವೋಲ್ಟು ಹೆಚ್ಚಿದಷ್ಟೂ ಅದೇ ಶಕ್ತಿಯನ್ನು ಕಡಿಮೆ ಪ್ರವಾಹದಲ್ಲಿ ಸಾಗಿಸಬಹುದು. ದಾರಿಯಲ್ಲಿ ತಂತಿ ಕಾದು ವ್ಯರ್ಥವಾಗುವುದು ಕಡಿಮೆಯಾಗುತ್ತದೆ.

ಬೀದಿಯ ತಂತಿಯ ಮೇಲೆ ಎರಡು ಗೊರವಂಕಗಳು ಕೂತಿದ್ದವು. "ಅವು ಸಾಯುವುದಿಲ್ಲವೇ?" ಎಂದು ಹುಡುಗ ಬೆರಳು ತೋರಿಸಿದ.

"ಎರಡು ಕಾಲೂ ಒಂದೇ ತಂತಿ ಮೇಲೆ ಪಕ್ಕಪಕ್ಕದಲ್ಲೇ ಇದಾವೆ. ಎರಡಕ್ಕೂ ಒಂದೇ ಎತ್ತರ. ವ್ಯತ್ಯಾಸ ಇಲ್ಲದ ಕಡೆ ಹರಿಯೋದು ಏನು? ಒಂದು ಕಾಲು ತಂತಿ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟರೆ ಆಗ ಗೊತ್ತಾಗುತ್ತೆ. ಕೊಲ್ಲೋದು ವೋಲ್ಟಿನ ಅಂಕಿಯಲ್ಲ ಮಗ, ಕಾಲಿಂದ ಕಾಲಿಗೆ ಇರೋ ವ್ಯತ್ಯಾಸ."

ಅವನು ಸಹಜವಾಗಿ ಹೇಳಿದ ಈ ಮಾತು ನನ್ನ ಎದೆಯಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಕಾಫಿಯ ಲೋಟ ಕೈಯಲ್ಲಿಯೇ ತಣ್ಣಗಾಯಿತು. ಏಕೆಂದು ಆಗ ನನಗೇ ತಿಳಿಯಲಿಲ್ಲ.

ಮರುದಿನ ಊರಿಗೆ ಹೋದೆವು. ಮನೆಯಲ್ಲಿ ನನ್ನ ತಮ್ಮ, ಅವನ ಹೆಂಡತಿ, ಮಗ, ಸೊಸೆ ಇದ್ದಾರೆ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಉಂಡು ಮಲಗಿದ್ದೆವು. ನಾಲ್ಕು ಗಂಟೆಯ ಹೊತ್ತಿಗೆ ಗಾಳಿ ಬಿತ್ತು. ದಕ್ಷಿಣದ ಕಡೆ ಮೋಡ ಕಪ್ಪಾಗಿ, ಗೋಪುರದಂತೆ ಎದ್ದು ನಿಂತಿತು. ಕೃತ್ತಿಕಾ ಮಳೆ. ದೂರದಲ್ಲಿ ಮಿಂಚು ಹೊಳೆಯಿತು. ಮೊಮ್ಮಗ ಜಗಲಿಯ ಮೇಲೆ ನಿಂತು ಎಣಿಸತೊಡಗಿದ. ಬೆಳಕು ಕಂಡಂದಿನಿಂದ ಗುಡುಗು ಕೇಳುವವರೆಗೆ ಎಷ್ಟು ಸೆಕೆಂಡೋ ಅದನ್ನು ಮೂರರಿಂದ ಭಾಗಿಸಿದರೆ ಮಿಂಚು ಎಷ್ಟು ಕಿಲೋಮೀಟರು ದೂರವೆಂದು ತಿಳಿಯುತ್ತದೆ ಎಂದು ನಾನೇ ರೈಲಿನಲ್ಲಿ ಹೇಳಿಕೊಟ್ಟಿದ್ದೆ. ಹದಿನೈದು ಎಣಿಸಿದ. ಆಮೇಲೆ ಹನ್ನೆರಡು. ಆಮೇಲೆ ಎಂಟು.

ತಮ್ಮನ ಸೊಸೆ ಒಳಗಿನಿಂದ ಸೆರಗನ್ನು ತಲೆಗೆ ಹಾಕಿಕೊಂಡು ಓಡಿಬಂದಳು. ಹಸುವನ್ನು ಹೊಲದ ಬದುವಿನ ಹುಣಸೆಮರದ ಕೆಳಗೆ ಕಟ್ಟಿ ಬಂದಿದ್ದಳಂತೆ. "ಹಸ ಬಿಚ್ಕೊಂಡು ಬಂದ್ಬಿಡ್ತೀನಿ" ಎಂದು ಅಂಗಳಕ್ಕೆ ಇಳಿದೇಬಿಟ್ಟಳು.

"ಬೇಡಮ್ಮ, ಬಾ ಒಳಗೆ!" ಎಂದು ನಾನು ಕೂಗಿದ್ದು ನನಗೇ ಬೇರೆ ಯಾರೋ ಕೂಗಿದಂತೆ ಕೇಳಿತು.

"ಕರ ಹಾಕೋ ಹಸ, ದೊಡ್ಡ ಮಾವ. ಒಂದು ಗಳಿಗೆ, ಬಂದೆ."

"ಹಸು ಹೋದರೆ ಹೋಗಲಿ. ನೀನು ಹೋಗಬೇಡ. ನನ್ನ ಮಾತು ಮೀರಬೇಡಮ್ಮ."

ನಾನು ಎಂದೂ ಆ ಹುಡುಗಿಗೆ ಗದರಿದವನಲ್ಲ. ಅವಳು ಬೆರಗಾಗಿ ನಿಂತಳು. ತಮ್ಮ ನನ್ನ ಮುಖ ನೋಡಿ, "ಬಾವ್ವ, ಒಳಕ್ಕೆ ಬಾ. ದೊಡ್ಡ ಮಾವ ಹೇಳ್ತಾವ್ರಲ್ಲ" ಎಂದ. ಅವಳು ಮೆಟ್ಟಿಲು ಹತ್ತಿ ಬಂದ ಮೇಲೆ ಮಳೆ ಅಪ್ಪಳಿಸಿತು. ಆಮೇಲೆ ಒಂದು ಮಿಂಚಿಗೆ ಹುಡುಗ ಒಂದು ಎಂದು ಎಣಿಸುವುದರೊಳಗೆ ಗುಡುಗು ಸಿಡಿದು ಹೆಂಚುಗಳು ಅದುರಿದವು.

ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೂ ನಾನು ಯಾರನ್ನೂ ಹೊಸಿಲು ದಾಟಲು ಬಿಡಲಿಲ್ಲ. ಅನಂತರ ಸೊಸೆ ಹೋಗಿ ಹಸುವನ್ನು ಹಿಡಿದುಕೊಂಡು ಬಂದಳು. ತೊಯ್ದು ನಡುಗುತ್ತಿತ್ತು, ಅಷ್ಟೇ, ಏನೂ ಆಗಿರಲಿಲ್ಲ. ಅವಳ ನೋಟದಲ್ಲಿ, ಇಷ್ಟಕ್ಕೆ ಇಷ್ಟೊಂದು ಕೂಗಾಟವೇ ಎಂಬ ಪ್ರಶ್ನೆಯಿತ್ತು. ಆದ್ದರಿಂದ ಅಂದು ರಾತ್ರಿ ಊಟವಾದ ಮೇಲೆ ಹೇಳಲೇಬೇಕಾಯಿತು.

1964ರಲ್ಲಿ ನನಗೆ ಹನ್ನೆರಡು ವರ್ಷ, ನನ್ನ ಅಣ್ಣನಿಗೆ ಹದಿನೇಳು, ಈ ತಮ್ಮನಿಗೆ ಎಂಟು. ಮೇ ತಿಂಗಳ ಇಂಥದೇ ಒಂದು ಸಂಜೆ. ಎತ್ತನ್ನು ಹುಣಸೆಮರದಿಂದ ಬಿಚ್ಚಿಕೊಂಡು ಬರುವುದು ನನ್ನ ಸರದಿಯಾಗಿತ್ತು. ನಾನು ಗುಡಿಯ ಮುಂದೆ ಗೋಲಿ ಆಡುತ್ತಿದ್ದೆ. ಅವ್ವ ಕೂಗಿದ್ದು ಕೇಳಿಸಿತು, ಕೇಳಿಸದವನಂತೆ ಇದ್ದುಬಿಟ್ಟೆ. ಅಣ್ಣ ಹೋದ. ಮಳೆ ನಿಂತ ಮೇಲೆ ಜನ ಹೋಗಿ ನೋಡಿದಾಗ ಎತ್ತೂ ಅವನೂ ಮರದಿಂದ ನಾಲ್ಕೈದು ಮಾರು ದೂರದಲ್ಲಿ ಬಿದ್ದಿದ್ದರು. ಹಗ್ಗ ಅವನ ಕೈಯಲ್ಲಿಯೇ ಇತ್ತು. ಮೈಮೇಲೆ ಸುಟ್ಟ ಗುರುತಿರಲಿಲ್ಲ. ಸಿಡಿಲು ಹೊಡೆದದ್ದು ಮರಕ್ಕೆ. ಮರದಿಂದ ಆಚೆ ಬಂದವನು ಏಕೆ ಸತ್ತ ಎಂದು ಯಾರಿಗೂ ಅರ್ಥವಾಗಲಿಲ್ಲ. ಹಿಂದಿನ ವಾರ ಅಣ್ಣ ಆ ಮರದ ಒಂದು ಕೊಂಬೆ ಕಡಿದಿದ್ದ. ಮರದಲ್ಲಿ ಮುನೇಶ್ವರನಿದ್ದಾನೆ, ಅಟ್ಟಿಸಿಕೊಂಡು ಬಂದು ಹೊಡೆದ ಎಂದು ಊರು ತೀರ್ಮಾನಿಸಿತು. ಅವ್ವ ಸಾಯುವವರೆಗೂ ಆ ಹೊಲದ ಕಡೆ ತಿರುಗಿ ನೋಡಲಿಲ್ಲ.

ನಾನು ಹೇಳುತ್ತಿದ್ದಂತೆ ಗೊರವಂಕದ ಮಾತು ನೆನಪಿಗೆ ಬಂತು. ಎದೆಯಲ್ಲಿ ಸಿಕ್ಕಿಕೊಂಡದ್ದು ಏನೆಂದು ಆಗ ತಿಳಿಯಿತು.

ಮೋಡದೊಳಗೆ ಮಂಜಿನ ಹರಳುಗಳೂ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ತಾಕಿ, ಬಾಚಣಿಗೆ ಮತ್ತು ಕೂದಲಿನಂತೆ, ಆವೇಶವನ್ನು ಹಂಚಿಕೊಳ್ಳುತ್ತವೆ. ಹಗುರವಾದ ಹರಳುಗಳು ಧನವನ್ನು ಹೊತ್ತು ಮೇಲೇರುತ್ತವೆ. ಮೋಡದ ಕೆಳಭಾಗ ಸಾಮಾನ್ಯವಾಗಿ ಋಣವಾಗುತ್ತದೆ. ಆ ಋಣವು ನೆಲದ ಎಲೆಕ್ಟ್ರಾನುಗಳನ್ನು ಹಿಂದಕ್ಕೆ ನೂಕುವುದರಿಂದ ಮೋಡದ ಕೆಳಗಿನ ನೆಲ ಧನವಾಗುತ್ತದೆ. ತಿಳಿಯಾದ ದಿನ ನೆಲದ ಮೇಲಿನ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 100 ವೋಲ್ಟು. ಗುಡುಗುಮೋಡದ ಕೆಳಗೆ ಅದು ಸಾವಿರಾರು ವೋಲ್ಟಿಗೆ ಏರುತ್ತದೆ. ಎತ್ತರವಾದ ಮರ, ಗೋಪುರ, ಬಯಲಿನಲ್ಲಿ ಒಂಟಿಯಾಗಿ ನಿಂತ ಮನುಷ್ಯ, ಇವರ ತುದಿಗಳಲ್ಲಿ ಫ್ಯಾರಡೆಯ ಗೆರೆಗಳು ಒತ್ತೊತ್ತಾಗುತ್ತವೆ. ಒಣ ಹವೆ ಒಂದು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟಿನವರೆಗೆ ತಡೆದೀತು. ಅದಕ್ಕೆ ಮೀರಿದರೆ ಅವಾಹಕವಾಗಿದ್ದ ಹವೆಯೇ ಒಡೆದು ವಾಹಕವಾಗುತ್ತದೆ. ಆಗ ಹರಿಯುವ ಪ್ರವಾಹ ಸಾಮಾನ್ಯವಾಗಿ 30,000 ಆಂಪಿಯರಿನಷ್ಟು. ಹವೆ ಸೂರ್ಯನ ಮೇಲ್ಮೈಗಿಂತ ಹಲವು ಪಟ್ಟು ಕಾದು ಸಿಡಿಯುವ ಸದ್ದೇ ಗುಡುಗು.

ಮರಕ್ಕೆ ಹೊಡೆದ ಸಿಡಿಲು ಅಲ್ಲಿಗೇ ಮುಗಿಯುವುದಿಲ್ಲ. ಬುಡದಿಂದ ನೆಲದೊಳಗೆ ಸುತ್ತಲೂ ಹರಡುತ್ತದೆ. ಬುಡದ ಹತ್ತಿರ ವೋಲ್ಟು ಹೆಚ್ಚು, ದೂರ ಹೋದಂತೆ ಕಡಿಮೆ; ಗುಡ್ಡದ ಇಳಿಜಾರಿನಂತೆ. ಆ ಇಳಿಜಾರಿನಲ್ಲಿ ಎತ್ತು ನಿಂತಿತ್ತು. ಮುಂಗಾಲಿಗೂ ಹಿಂಗಾಲಿಗೂ ನಾಲ್ಕೈದು ಅಡಿ ಅಂತರ. ಅಣ್ಣ ದೊಡ್ಡ ಹೆಜ್ಜೆ ಹಾಕಿ ಓಡುತ್ತಿದ್ದ. ಗೊರವಂಕದ ಎರಡು ಕಾಲುಗಳಿಗೆ ಒಂದೇ ಎತ್ತರ, ಇವರಿಗೆ ಹಾಗಲ್ಲ. ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿದಿತ್ತು. ಅಟ್ಟಿಸಿಕೊಂಡು ಬಂದವರು ಯಾರೂ ಇರಲಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದಾಗ ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, "ಅಣ್ಣ, ಆ ಕೊಂಬೆ ಅವನು ಕಡಿದದ್ದು ನನಗೋಸ್ಕರ. ಚಿನ್ನಿದಾಂಡಿಗೆ ದಾಂಡು ಬೇಕು ಅಂತ ಮೂರು ದಿನ ಪೀಡಿಸಿದ್ದೆ" ಎಂದ.

ಅರವತ್ತು ವರ್ಷ! ಒಂದೇ ಮನೆಯಲ್ಲಿ ಹುಟ್ಟಿದ ನಾವಿಬ್ಬರೂ ಒಂದೇ ಸಾವನ್ನು ಇಬ್ಬರ ಖಾತೆಯಲ್ಲಿ ಬೇರೆಬೇರೆಯಾಗಿ ಬರೆದಿಟ್ಟುಕೊಂಡಿದ್ದೆವು. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನೋಡಿರಲಿಲ್ಲ. "ಕೊಂಬೆಗೂ ಸಿಡಿಲಿಗೂ ಸಂಬಂಧವಿಲ್ಲ ಕಣೋ. ಕಡಿಯದೆ ಇದ್ದಿದ್ದರೂ ಆ ಮರಕ್ಕೆ ಹೊಡೆಯುತ್ತಿತ್ತು" ಎಂದೆ. ಅವನು ಟವಲಿನಿಂದ ಮುಖ ಒರೆಸಿಕೊಂಡು ಎದ್ದುಹೋದ. ನನ್ನ ಭಾಗದ ಬಾಕಿ ಮಾತ್ರ ವಿದ್ಯುತ್ ಶಾಸ್ತ್ರದಿಂದ ತೀರುವಂಥದಲ್ಲ. ಆದರೂ, ಅವನಾದರೂ ಹಗುರಾದನಲ್ಲ, ಅಷ್ಟು ಸಾಕು. ಬೆಳಿಗ್ಗೆ ನಾವಿಬ್ಬರೂ ಆ ಬದುವಿನವರೆಗೆ ನಡೆದುಹೋಗಿ ಬಂದೆವು. ಮುನೇಶ್ವರನ ಕಲ್ಲಿಗೆ ಎಂದಿನಂತೆ ಕರ್ಪೂರ ಹಚ್ಚಿದೆವು. ಹಸುವನ್ನು ಕಟ್ಟುವ ಗೂಟವನ್ನು ಕೊಟ್ಟಿಗೆಯ ಬಳಿಗೆ ತಂದು ನೆಟ್ಟೆವು.

ರಜೆಯಲ್ಲಿ ಊರಿಗೆ ಹೋಗುವ ನಮ್ಮ ಕುಟುಂಬದವರಿಗೆ ಒಂದೆರಡು ಮಾತು. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಮಗೆ ತಗಲುವಷ್ಟು ಹತ್ತಿರವಿದೆ ಎಂದೇ ತಿಳಿದು ಮನೆಯೊಳಗೆ ಸೇರಬೇಕು. ಮರದ ಕೆಳಗೆ ನಿಲ್ಲಲೇಬಾರದು. ಬಾಗಿಲು ಕಿಟಕಿ ಮುಚ್ಚಿದ, ಲೋಹದ ಮೈಯುಳ್ಳ ಕಾರು ಅಥವಾ ಬಸ್ಸು ಒಳ್ಳೆಯ ಆಸರೆ: ಆವೇಶವು ಲೋಹದ ಹೊರಮೈಯಲ್ಲಿಯೇ ಹರಿದುಹೋಗುತ್ತದೆಂದು ಫ್ಯಾರಡೆ 1836ರಲ್ಲಿ ಲೋಹದ ಪಂಜರದೊಳಗೆ ತಾನೇ ಕೂತು ತೋರಿಸಿದ್ದಾನೆ. ಏನೂ ಸಿಗದ ಬಯಲಿನಲ್ಲಿ ಮಲಗಬಾರದು, ಎರಡು ಪಾದಗಳನ್ನೂ ಜೋಡಿಸಿ ಕುಕ್ಕರುಗಾಲಿನಲ್ಲಿ ಕೂರಬೇಕು. ಏಕೆಂಬುದು ಗೊರವಂಕವನ್ನು ನೆನೆದರೆ ತಿಳಿಯುತ್ತದೆ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಹೆದರದೆ ಮುಟ್ಟಿ, ಉಸಿರಾಟ ನಿಂತಿದ್ದರೆ ಎದೆಯೊತ್ತಿ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. 1964ರಲ್ಲಿ ನಮ್ಮೂರಿನಲ್ಲಿ ಅಣ್ಣನನ್ನು ಮುಟ್ಟಲು ಜನ ಬಹಳ ಹೊತ್ತು ಹಿಂಜರಿದಿದ್ದರು.

ಮುಂಬಯಿಗೆ ಮರಳಿ ಹತ್ತು ದಿನವಾಗಿತ್ತು. ಮತ್ತೆ ಒಂದು ಮಧ್ಯಾಹ್ನ ಫ್ಯಾನು ನಿಂತಿತು. "ಕರೆಂಟು ಹೋಯಿತು" ಎಂದು ನನ್ನ ಹೆಂಡತಿ ಅಡಿಗೆಮನೆಯಿಂದ ಹೇಳಿದಳು. ಮೊಮ್ಮಗ ಮಲಗಿದಲ್ಲಿಂದಲೇ ಉತ್ತರ ಕೊಟ್ಟ:

"ಎಲ್ಲಿಗೂ ಹೋಗಿಲ್ಲ ಅಜ್ಜಿ. ಎಲೆಕ್ಟ್ರಾನುಗಳೆಲ್ಲ ತಂತಿಯಲ್ಲೇ ಇವೆ. ನೂಕುವವರು ನಿಲ್ಲಿಸಿದ್ದಾರೆ, ಅಷ್ಟೇ."